ಶುಶ್ರೂಷೆಗೆ ಬಂದಿದ್ದ ಅಕ್ಕನಿಗೆ

ಮನೆಯಿಂದ, ಮೂರನೇ ಮಹಡಿ
ಜೂನ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಹೊಲಿಗೆ ಯಂತ್ರವನ್ನು ಇನ್ನೂ ಕಾಲಲ್ಲೇ ತುಳಿಯುತ್ತಿದ್ದೀಯೋ, ಭಾವ ಹೇಳಿದ ಹಾಗೆ ಮೋಟರ್ ಹಾಕಿಸಿದೆಯೋ? ನೀನು ಇಲ್ಲಿದ್ದ ಹತ್ತು ತಿಂಗಳು ತಾವೇ ಬೇಯಿಸಿಕೊಂಡು ಉಂಡ ಭಾವ ಈಗ ಸ್ವಲ್ಪ ಮೈ ತುಂಬಿಕೊಂಡಿರಬೇಕು. ನೀನು ಇಲ್ಲಿಂದ ಹೋಗಿ ನಾಲ್ಕು ತಿಂಗಳಾಯಿತು. ನೀನೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಫೋನಿನಲ್ಲಾದರೆ ನಾವಿಬ್ಬರೂ ಮಾತಿಗೆ ಮಾತು ಬೆಳೆಸುತ್ತೇವೆ. ಅದಕ್ಕೇ ಈ ಕಾಗದ.

ನಾನು ಆರಾಮಾಗಿದ್ದೇನೆ. ಲಿಫ್ಟ್ ರಿಪೇರಿಗೆ ದಿನವೂ ಹೋಗುತ್ತಿದ್ದೇನೆ. ಮೊನ್ನೆ ಹನ್ನೊಂದು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಎರಡು ದಿನದಿಂದ ಪೂರ್ತಿ ಮುಚ್ಚುತ್ತಿರಲಿಲ್ಲ. ನೋಡಿದರೆ ಬಾಗಿಲು ಜಾರುವ ಸಂದಿನಲ್ಲಿ ಯಾರದೋ ಕಿವಿಯೋಲೆಯ ತಿರುಪು! ಅಷ್ಟು ಚಿಕ್ಕದಕ್ಕೆ ಇಡೀ ಕಟ್ಟಡದವರು ಮೆಟ್ಟಿಲು ಹತ್ತಿ ನನಗೆ ಶಾಪ ಹಾಕಿದ್ದರು.

ಹಲ್ಲು ಕೀಳಿಸುವ ಮುನ್ನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ನನ್ನ ಕಾಯಿಲೆ ಪತ್ತೆಯಾದದ್ದು, ಆಮೇಲೆ ನಾವಿಬ್ಬರೂ ದೊಡ್ಡಾಸ್ಪತ್ರೆಯ ವೈದ್ಯೆಯ ಮುಂದೆ ಕೂತದ್ದು ನೆನಪಿದೆಯಲ್ಲ? "ಇದು ನಿಧಾನವಾಗಿ ಬೆಳೆಯೋ ರಕ್ತದ ಕ್ಯಾನ್ಸರ್. ಈಗಲೇ ಔಷಧ ಕೊಟ್ರೆ ಲಾಭ ಇಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ನೋಡ್ತಾ ಇರೋಣ" ಎಂದರು. ನೀನು ಕುರ್ಚಿಯಿಂದ ಅರ್ಧ ಎದ್ದು, "ಕ್ಯಾನ್ಸರ್ ಅಂತೀರಿ, ನೋಡ್ತಾ ಇರೋಣ ಅಂತೀರಿ. ಒಲೆ ಮೇಲಿಟ್ಟ ಹಾಲಾ ಇದು?" ಎಂದೆ. ಅವರಿಗೆ ನಗು ಬಂತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಮರುವಾರವೇ ನೀನು ಅಂಗಡಿಯನ್ನು ಸಹಾಯಕಿಗೆ ಒಪ್ಪಿಸಿ, ಯಂತ್ರ ಹೊತ್ತುಕೊಂಡು ಬಂದೆ. ಪಾಪ, ಶುಶ್ರೂಷೆಗೆ ಬಂದವಳಿಗೆ ರೋಗಿಯೇ ಸಿಗಲಿಲ್ಲ. ಎಂಟು ಗಂಟೆಗೆ ನಾನು ಸಲಕರಣೆಯ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದೆ. ಸಂಜೆ ಬಂದರೆ ನೀನು ಬದನೆಕಾಯಿ ಆರಿಸುವವಳ ಹಾಗೆ ನನ್ನ ಕತ್ತು ಒತ್ತಿ ಒತ್ತಿ ಗಂಟು ಹುಡುಕುತ್ತಿದ್ದೆ. ಉಳಿದ ಹೊತ್ತಿಗೆ ಪರದೆ ಹೊಲಿದೆ, ದಿಂಬಿಗೆ ಕವರು ಹೊಲಿದೆ, ಸರಿಯಾಗಿದ್ದ ನನ್ನ ಪ್ಯಾಂಟುಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಈಗ ಅವೆಲ್ಲ ಹಿಮ್ಮಡಿಗಿಂತ ಎರಡು ಬೆರಳು ಮೇಲಿವೆ.

ಈ ಫೆಬ್ರವರಿಯಲ್ಲಿ ನನಗೆ ನೆಗಡಿಯಾಯಿತು, ಬರೀ ನೆಗಡಿ. ನೀನು ನನ್ನ ಮೇಲಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಮರುದಿನ ಹೋದರೆ ಜೊತೆಗಾರ ನನ್ನ ಕೈಯಿಂದ ಚೀಲ ಇಸಿದುಕೊಂಡ. ಯಾರೂ ಜೋರಾಗಿ ಮಾತಾಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಲಿಫ್ಟಿನ ಬಾವಿಯೊಳಗೆ ಇಳಿದವನನ್ನು ದೂರು ಬರೆದುಕೊಳ್ಳುವ ಮೇಜಿಗೆ ಕೂರಿಸಿದರು. ಆ ಸಂಜೆ ಮನೆಗೆ ಬಂದು ನಾನು ಅಂದದ್ದು ನಿನಗೆ ಮರೆತಿರಲಾರದು: "ನಾನು ಸಾಯೋದನ್ನ ಕಾಯೋಕೆ ಬಂದಿದ್ದೀಯ. ಇನ್ನೂ ಆಗ್ತಿಲ್ಲ ಅಂತ ನಿನಗೇ ಬೇಜಾರು." ನೀನು ಕೈಯಲ್ಲಿದ್ದ ಬಟ್ಟೆ ಮಡಚಿಟ್ಟೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಷ್ಟರಲ್ಲಿ ನಿನ್ನ ಕೋಣೆ ಖಾಲಿಯಾಗಿತ್ತು.

ಆ ಮಾತು ಸುಳ್ಳೆಂದು ಆಡುವಾಗಲೇ ನನಗೆ ಗೊತ್ತಿತ್ತು. ಕಾಯುತ್ತಿದ್ದವನು ನಾನು. ನಿನ್ನ ಮುಂದೆ ತೋರಿಸಿಕೊಳ್ಳಬಾರದೆಂದು ಬಿಗಿಯಾಗಿದ್ದೆ, ಅಷ್ಟೆ. ತಪ್ಪಾಯಿತು ಅಕ್ಕಾ. ಮೂರು ವಾರದ ನಂತರ ಮೇಜು ಬಿಟ್ಟು ಕೆಲಸಕ್ಕೆ ಇಳಿದೆ. ಜೊತೆಗಾರರು ಮತ್ತೆ ಬೈಯಲು ಶುರು ಮಾಡಿದ್ದಾರೆ, ಸಮಾಧಾನ. ಕಳೆದ ವಾರ ಪರೀಕ್ಷೆಗೆ ರಕ್ತ ಕೊಟ್ಟು ಬಂದೆ. ಬಿಳಿ ಕಣಗಳು ಸ್ವಲ್ಪ ಏರಿವೆಯಂತೆ. ಚಿಂತೆ ಮಾಡಬೇಡ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮೊಣಕಾಲಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಮೊಂಡ ತಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಕಣಗಳು ಏರಿರುವುದು ಸ್ವಲ್ಪವಲ್ಲ, ಆರು ತಿಂಗಳಲ್ಲಿ ಎರಡರಷ್ಟಾಗಿವೆ. ಕತ್ತಿನಲ್ಲಿ ಗಂಟೂ ಇದೆ. ಇಪ್ಪತ್ತೈದನೇ ತಾರೀಖು ಹತ್ತು ಗಂಟೆಗೆ ಬರಬೇಕಂತೆ, ಔಷಧ ಶುರು ಮಾಡುವ ಮಾತಾಡಲು. "ಮನೆಯವರು ಯಾರಾದ್ರೂ ಜೊತೆಗಿರಲಿ" ಎಂದರು ವೈದ್ಯೆ. ಯಾರೂ ಬೇಡ, ಒಬ್ಬನೇ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಆಸ್ಪತ್ರೆಯ ಲಿಫ್ಟಿನ ಬಾಗಿಲು ಮೂರು ಸಲ ತೆರೆದು ಮುಚ್ಚಿತು. ನಾನು ಹೊರಗೇ ನಿಂತಿದ್ದೆ. ಅಕ್ಕಾ, ಬರ್ತೀಯಾ?