ನಿನ್ನನ್ನು ಎಬ್ಬಿಸದ ಅಲಾರಂ

ಆದಿ,

ನಿಮ್ಮಣ್ಣನ ತಿಥಿಗೆ ಬಂದ ನೆಂಟರೆಲ್ಲ ನಿನ್ನೆ ಹೋದರು. ಇವತ್ತು ಬೆಳಿಗ್ಗೆ, ನಿನ್ನ ಓದಿಗೆಂದು ನಿಮ್ಮಣ್ಣ ಎರವಲು ತಂದಿದ್ದ ಅಲಾರಂ ಗಡಿಯಾರ ಹೊಡೆದುಕೊಂಡಿತು. ಅತ್ತೆ ನಿದ್ದೆಗಣ್ಣಲ್ಲೇ, "ಅದ್ರ ಬಾಯಿ ಮುಚ್ಚಿಸ್ಲಾ" ಎಂದು ನಿಮ್ಮಣ್ಣನ ಹೆಸರು ಹಿಡಿದು ಬೈದರು. ಆಮೇಲೆ ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಏಳದವಳು ನೀನೊಬ್ಬಳೇ.

ಇದನ್ನು ಬರೆಯುವಾಗಲೂ ನಗು ನಿಲ್ಲುತ್ತಿಲ್ಲ.

ರಾತ್ರಿ ಅದಕ್ಕೆ ಕೀ ಕೊಟ್ಟವರು ಮಾವ. ಎಕನಾಮಿಕ್ಸ್ ಗಂಡುಹುಡುಗರಿಗೆ, ಇವಳಿಗೆ ಹಿಸ್ಟರಿ ಸಾಕು ಎನ್ನುತ್ತಿದ್ದ ಮಾವನೇ. ಯಾಕೆಂದು ಕೇಳಿದ್ದಕ್ಕೆ, "ನೀನು ಓದಿದ್ದನ್ನೇ ಓದ್ಕಳ್ಲಿ ಬುಡಮ್ಮ, ಅವನೂ ಅದನ್ನೇ ಅಂತಿದ್ದ" ಅಂದರು.

ಅರ್ಜಿಯಲ್ಲಿ ಎಕನಾಮಿಕ್ಸ್ ಎಂದೇ ಬರೆ. ನಾನು ಓದಿದೆ ಅಂತಲ್ಲ, ನಿನಗೆ ಇಷ್ಟ ಅಂತ. ಮುದ್ದೆ ಮುಚ್ಚಿಟ್ಟಿದ್ದೇನೆ, ಅತ್ತೆಗೆ ಮೊದಲು ಬಡಿಸು.

ಬಸ್ ಏಜೆಂಟ್ ಆಂಜಿನಪ್ಪನವರು ನಮಗೆ ಗಡಿಯಾರ ಕೊಟ್ಟಾಗಿನಿಂದ ಅವರಿಗೇ ಎಚ್ಚರವಾಗದೆ ಹಿಂದೂಪುರದ ಮೊದಲ ಬಸ್ಸು ದಿನವೂ ತಡವಂತೆ. ನಾಳೆ ನೀನು ಕಾಲೇಜಿಗೆ ಅದರಲ್ಲೇ ಹೋಗಬೇಕು. ಅದಕ್ಕೇ ಗಡಿಯಾರ ಅವರಿಗೆ ಹಿಂದಿರುಗಿಸಲು ಹೊರಟೆ. ನಾಳೆ ನಿನ್ನನ್ನು ನಾನೇ ಎಬ್ಬಿಸುತ್ತೇನೆ.

ಅತ್ತಿಗೆ