ಮಂಜುಗಡ್ಡೆ ಕೋಣೆಯ ಚಿಲಕ

ಗಂಗ್‌ನ್ಯುಂಗ್
ನವೆಂಬರ್ ೯

ದೊಂಗ್‌ಹಾನ ಅಪ್ಪನವರಿಗೆ,

ಕ್ಷೇಮ ಕೇಳುವ ಶಾಸ್ತ್ರ ಬಿಟ್ಟಿದ್ದೇನೆ. ನೀವು ಚೆನ್ನಾಗಿಯೇ ಇರುತ್ತೀರಿ. ನಿಮ್ಮಂಥವರಿಗೆ ನೆಗಡಿಯೂ ಬರುವುದಿಲ್ಲ.

ಸುಗ್ಗಿ ಹಬ್ಬಕ್ಕೆ ಕಳಿಸಿದ ಸೋಜು ಪೆಟ್ಟಿಗೆ ತಲುಪಿತು. ಬಿಟ್ಟು ಹೋದ ಹೆಂಡತಿಗೂ ಹಬ್ಬ ತಪ್ಪಿಸದೆ ಹೆಂಡ ಕಳಿಸುವ ಗಂಡನೆಂದು ಬಂದರಿನವರೆಲ್ಲ ನಿಮ್ಮನ್ನು ಹೊಗಳುತ್ತಾರಂತೆ. ನಾನು ಕುಡಿಯುತ್ತಿರುವವರೆಗೆ ನೀವು ಕ್ಷೇಮ. ಇಷ್ಟು ಅರ್ಥವಾಗಲು ನನಗೆ ಅರ್ಧ ಆಯಸ್ಸು ಹಿಡಿಯಿತು.

ಎಷ್ಟೋ ವರ್ಷಗಳ ಹಿಂದಿನ ಒಂದು ಮಧ್ಯಾಹ್ನ, ಆಳುಗಳ ಎದುರು ನಿಮ್ಮ ಮಾತಿಗೆ ನಕ್ಕೆನೆಂದು ನನ್ನನ್ನು ಮೀನಿನ ಮಂಜುಗಡ್ಡೆ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದಿರಿ. ಸಂಜೆ ಬಂದು ಬಾಗಿಲು ತೆಗೆದವರು ಅತ್ತೆ. ಮೈ ಬೆಚ್ಚಗಾಗಲೆಂದು ಮೊದಲ ಬಟ್ಟಲು ಸೋಜು ಕುಡಿಸಿದವರೂ ಅವರೇ. ಆಮೇಲೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದಾದರೂ ನನಗೆ ಬಟ್ಟಲು ಬೇಕಾಯಿತು. ನೀವೋ, ಹಿರಿಯರ ಮುಂದೆ ಮಂಡಿಯೂರಿ, "ಕುಡಿದಿದ್ದೆ, ಏನ್ ಮಾಡಿದ್ನೋ ನೆನಪೇ ಇಲ್ಲ" ಅಂದಿರಿ. ನಮ್ಮ ಕಡೆ ಆ ಒಂದು ಮಾತಿಗೆ ಎಲ್ಲವೂ ಮಾಫಿ. ನಾನು ಹೇಳಹೊರಟರೆ ಹೆತ್ತ ಮಗ ದೊಂಗ್‌ಹಾನೂ, "ಅಮ್ಮಾ, ಮೊದ್ಲು ನಶೆ ಇಳೀಲಿ, ಆಮೇಲ್ ಮಾತಾಡು" ಎನ್ನುತ್ತಿದ್ದ. ಕುಡಿದು ಮಾಡಿದ್ದಕ್ಕೆ ನಿಮಗೆ ಕ್ಷಮೆ, ಕುಡಿದು ಹೇಳಿದ್ದಕ್ಕೆ ನನಗೆ ಛೀಮಾರಿ.

ಆಸ್ಪತ್ರೆಗಳೂ ಹಾಗೇ. ಮನಸ್ಸಿನ ಡಾಕ್ಟರು ಕುಡಿತ ಬಿಟ್ಟು ಬಾ ಅಂದರು. ಕುಡಿತ ಬಿಡಿಸುವವರು ಹಳೆಯದನ್ನು ಈಗ ಕೆದಕಬೇಡ ಅಂದರು. ಕೊನೆಗೆ ಯೊನ್ ಎಂಬ ಆಪ್ತಸಮಾಲೋಚಕಿ ಸಿಕ್ಕಳು, ದೊಂಗ್‌ಹಾನ ವಯಸ್ಸಿನವಳು. "ಹೆದರೋರೂ ನೀವೇ, ಕುಡಿಯೋರೂ ನೀವೇ ಅಲ್ವಾ ಅಮ್ಮಾ? ಇಬ್ರೂ ಒಟ್ಟಿಗೇ ಬನ್ನಿ" ಅಂದಳು.

ಕಣ್ಣು ಮುಚ್ಚಿಸಿ, ಈಗಲೇ ನಡೆಯುತ್ತಿದೆ ಎಂಬಂತೆ ಆ ಮಧ್ಯಾಹ್ನವನ್ನು ಬಾಯಿಬಿಟ್ಟು ಹೇಳಿಸಿದಳು. ಹೇಳುವಾಗ ಗಂಟಲು ಸೋಜು ಕೇಳಿದರೆ ಅದರ ಮಾತೂ ಅಲ್ಲೇ ಆಗಬೇಕು. ನನ್ನ ದನಿಯನ್ನು ಫೋನಿನಲ್ಲಿ ಹಿಡಿದುಕೊಟ್ಟಳು. ಸೋಜು ತರಲು ಅಂಗಡಿಗೆ ಓಡುತ್ತಿದ್ದ ಹೊತ್ತಿಗೆ ಮನೆಯಲ್ಲಿ ಕೂತು ಅದನ್ನು ಕೇಳಬೇಕು. ಮೊದಮೊದಲು ಕೇಳಲಾರದೆ, ನೀವು ಹಿಂದೆ ಕಳಿಸಿದ್ದ ಪೆಟ್ಟಿಗೆಯಿಂದ ಒಂದು ಬಾಟಲಿ ಮುಗಿಸಿದೆ. ಬೈಯುತ್ತಾಳೆಂದುಕೊಂಡರೆ, "ಯಾವ ಮಾತಿಗೆ ಬಾಟ್ಲಿ ತೆಗೆದ್ರಿ? ಅಲ್ಲಿಂದಾನೇ ಶುರು ಮಾಡೋಣ" ಅಂದಳು. ಚಿಲಕದ ಸದ್ದಿಗೆ ತೆಗೆದಿದ್ದೆ. ಹೇಳಿ ಹೇಳಿ ಆ ಸದ್ದು ನನಗೇ ಬೇಸರ ತರಿಸುವಷ್ಟು ಹಳೆಯದಾಯಿತು. ಕಳೆದ ತಿಂಗಳು ಮಾರುಕಟ್ಟೆಯ ಮಂಜುಗಡ್ಡೆ ಕೋಣೆಗೆ ನಾನೇ ಹೋಗಿ, ಬಾಗಿಲು ಹಾಕಿಸಿಕೊಂಡು ನಿಂತೆ. ಹೊರಗೆ ಬಂದು ಕುಡಿದದ್ದು ಬಾರ್ಲಿ ನೀರು.

ಯೊನ್ ನನ್ನ ಗಾಯಕ್ಕೆ ಮದ್ದು ಹಚ್ಚುತ್ತಿದ್ದಳು, ನಾನು ಕತ್ತಿ ಮಸೆಯುತ್ತಿದ್ದೆ. ಅವಳಿಗೆ ಹೇಳಿಯೂಬಿಟ್ಟೆ. "ಸಿಟ್ಟು ಇರ್ಲಿ ಅಮ್ಮಾ, ಅದನ್ನ ಕುಡಿದು ಹಾಳ್ ಮಾಡ್ಕೋಬೇಡಿ" ಅಂದಳು.

ಮಾವನವರ ತಿಥಿಗೆ ಬರುತ್ತೇನೆ. ದೊಂಗ್‌ಹಾ, ನಿಮ್ಮ ಅಣ್ಣಂದಿರು, ಎಲ್ಲರೂ ಇರುತ್ತಾರೆ. ಎಡೆಯ ಹೆಂಡ ಹಂಚುವ ಮೊದಲು ತೊದಲದೆ ಎಲ್ಲವನ್ನೂ ಹೇಳುತ್ತೇನೆ. ನನ್ನ ಮಗ ಬೇಕಾದರೆ ಮೊದಲು ನನ್ನ ಬಾಯಿ ಮೂಸಿ ನೋಡಲಿ, ಆಮೇಲೆ ನನ್ನ ಮಾತು ಕೇಳಲಿ. ಅವನೆದುರು ನಿಮ್ಮ ತಲೆ ತಗ್ಗುವುದನ್ನು ನಾನು ನೋಡಬೇಕು.

ಇಂತಿ,
ಕು ಪಿಲ್‌ಸುನ್

ಬರೆಯಲು ಮರೆತೆ: ಫೋನಿನಲ್ಲಿರುವುದನ್ನು ನಿನ್ನೆ ಅತ್ತೆಗೆ ಕೇಳಿಸಿದೆ. ಕೊನೆಯವರೆಗೂ ಕೇಳಿ, "ಅವತ್ತು ಅವನ ಬಾಯಲ್ಲಿ ಹೆಂಡದ ವಾಸ್ನೆನೇ ಇರ್ಲಿಲ್ಲ ಕಣೆ, ನಂಗೊತ್ತಿತ್ತು. ಎಲ್ರ ಮುಂದೆ ನಾನೇ ಹೇಳ್ತೀನಿ" ಅಂದರು. ಈ ಸಲ ಎಡೆಗೆ ಹೆಂಡವಿಲ್ಲ, ತಣ್ಣೀರು ಇಡುತ್ತಾರಂತೆ. ಕುಡಿದಿದ್ದೆ ಅನ್ನಲು ನಿಮಗೆ ಒಂದು ತೊಟ್ಟೂ ಸಿಗುವುದಿಲ್ಲ.