ಮಾರ್ಜಿನ್ ಬಿಟ್ಟು ಕತ್ತರಿಸಿದ ಅಮೆರಿಕ

ಹೊಲಿಗೆ ಅಂಗಡಿಯ ಮೇಲಿನ ಕೋಣೆ
ಶನಿವಾರ, ತಾರೀಕು ೧೪

ಪ್ರೀತಿಯ ಮಗನೇ,

ಅಮ್ಮನ ಆಶೀರ್ವಾದ. ಹೇಗಿದ್ದೀಯಪ್ಪ? ಇಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆಲ್ಲ ಬೆವರುಗುಳ್ಳೆ ಎದ್ದಿದೆ ಎಂದಿದ್ದೆಯಲ್ಲ, ಕಡಿಮೆಯಾಯಿತಾ? ಪೌಡರ್ ಹಾಕಿಕೋ ಎಂದರೆ ಹಾಕಿಕೊಳ್ಳುವವನಲ್ಲ ನೀನು, ಆದರೂ ಹೇಳುವುದು ನನ್ನ ಕೆಲಸ. ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಇನ್ನೂ ಜೋರಾಗಿ ಬೈಯುತ್ತದೆ. ಮಿಕ್ಕಂತೆ ಗಟ್ಟಿಯಾಗಿದ್ದೇನೆ. ಫೋನು ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ. ಈ ಸುದ್ದಿಯನ್ನು ನಾನು ಸಾಲಾಗಿ, ನನ್ನಿಷ್ಟದಂತೆ ಹೇಳಬೇಕು. ಪತ್ತೇದಾರಿ ಪುಸ್ತಕದ ಕೊನೆಯ ಪುಟ ಮೊದಲು ಓದುವ ನಿನ್ನ ಹಳೇ ಚಟವನ್ನು ಇಲ್ಲಿ ತೋರಿಸಬೇಡ.

ವಿಷಯ ನನ್ನ ಸೊಸೆಯದು. ಹೋದ ವರ್ಷ ಬರೆದಾಗ ‘ನಿನ್ನ ಹೆಂಡತಿ’ ಎಂದು ಬರೆದಿದ್ದೆ, ನೆನಪಿದೆಯಾ? ಅವಳ ಮೇಲೆ ಸಿಟ್ಟು ಬಂದಾಗ ನಿನ್ನ ಹೆಂಡತಿ, ಹೆಮ್ಮೆ ಬಂದಾಗ ನನ್ನ ಸೊಸೆ. ಇದು ಅವಳಿಗೂ ಗೊತ್ತು. ನಾನು ಯಾವುದು ಅನ್ನುತ್ತೇನೆ ಎಂದು ಕಿವಿಗೊಟ್ಟು ಕಾಯುತ್ತಾಳೆ ಕಳ್ಳಿ. ಸಂಜೆ ಕಾಲೇಜಿನ ಡಿಗ್ರಿಗೆ ಅವಳದು ಉಳಿದಿದ್ದು ಅದೊಂದೇ, ಇತಿಹಾಸದ ಮೌಖಿಕ ಪರೀಕ್ಷೆ. ಒಂದು ವಿಷಯ ಆರಿಸಿಕೊಂಡು, ಅದಕ್ಕೊಂದು ನಕ್ಷೆಯೋ ಮಾದರಿಯೋ ಮಾಡಿಕೊಂಡು ಹೋಗಿ, ಪರೀಕ್ಷಕರ ಮುಂದೆ ನಿಂತು ಮಾತಾಡಬೇಕು. ಅವಳು ಆರಿಸಿಕೊಂಡಿದ್ದು ಅಮೆರಿಕ ಖಂಡದ ನಾಡುಗಳ ಬಿಡುಗಡೆ. ಹೋದ ಸಲ ಮೊದಲನೇ ಪ್ರಶ್ನೆಗೇ ಬಾಯಿ ಕಟ್ಟಿಹೋಗಿ ಮನೆಗೆ ಬಂದಳು. ಇನ್ನೊಂದೇ ಸಲ ಅವಕಾಶ, ಅದೂ ಹೋದರೆ ಇಷ್ಟು ವರ್ಷ ಹಗಲೆಲ್ಲ ಹೊಲಿದು ಸಂಜೆ ಓಡೋಡಿ ಕ್ಲಾಸಿಗೆ ಹೋಗಿದ್ದೆಲ್ಲ ನೀರುಪಾಲು. ಆಗ ನೀನು ಫೋನಿನಲ್ಲಿ ನನಗೆ ಏನೆಂದೆ? “ಸಾಕು ಬಿಡಮ್ಮ, ಅವಳಿಗೂ ಹೇಳು. ಕತ್ತರಿ ಹಿಡಿಯೋ ಕೈಗೆ ಅಮೆರಿಕ ಯಾಕೆ?” ನಾನು ಹೇಳಲಿಲ್ಲ. ಆ ಮಾತನ್ನು ಅಲ್ಲೇ ನುಂಗಿಕೊಂಡೆ, ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಅವಳಿಗೆ ಅಮೆರಿಕ ಯಾಕೆ ಎಂದು ಗೊತ್ತಾ ನಿನಗೆ? ನಿನ್ನಿಂದ. ಮದುವೆಯಾದ ಹೊಸದರಲ್ಲಿ ನೀನು ಆ ಖಂಡದ ಬಂದರು ಬಂದರಿನಿಂದ ಫೋಟೊ ಕಳಿಸುತ್ತಿದ್ದೆಯಲ್ಲ, ಪ್ರತಿಯೊಂದರಲ್ಲೂ ಊರ ನಡುವಿನ ಚೌಕ, ಅಲ್ಲೊಂದು ಕಂಚಿನ ಕುದುರೆ, ಮೇಲೊಬ್ಬ ಕೂತವನು, ಕೆಳಗೆ ಹಲ್ಲು ಕಿರಿದುಕೊಂಡು ನೀನು. ಅವನ್ಯಾರು ಎಂದು ಅವಳು ಕೇಳಿದ್ದಕ್ಕೆ “ಯಾರೋ ಒಬ್ಬ ಕುದುರೆಯವನು” ಎಂದೆ. ಗಂಡ ನಿಂತು ಬಂದ ಊರು ಯಾವುದು, ಅಲ್ಲಿ ಏನಾಗಿತ್ತು ಎಂದು ತಿಳಿಯುವ ಆಸೆಗೆ ಹುಡುಗಿ ಲೈಬ್ರರಿಗೆ ಹೋದಳು. ಹೋದವಳು ವಾಪಸು ಬರಲೇ ಇಲ್ಲ ಅನ್ನು. ಹತ್ತೊಂಬತ್ತನೇ ಶತಮಾನದ ಆ ಇಡೀ ಖಂಡವನ್ನೇ ತಲೆಯಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದಳು, ಯಾರು ಯಾರಿಂದ ಬಿಡುಗಡೆಯಾದರು, ಬಿಡುಗಡೆಯಾದವರು ಆಮೇಲೆ ಯಾರ ನೆಲಕ್ಕೆ ಕಾಲು ಚಾಚಿದರು ಎಂದು.

ನಾನು ಗುಂಡಿ ಹಚ್ಚುತ್ತಾ ಕೂತರೆ ಅವಳು ಓದಿ ಹೇಳುವಳು. ಈಗ ಕೇಳು, ನಿನಗಿಂತ ನನಗೆ ಹೆಚ್ಚು ಗೊತ್ತು. ಹೈಟಿ ಅಂತೊಂದು ದ್ವೀಪದ ನಾಡು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದವರೇ ಎದ್ದು ನಿಂತು, ಫ್ರಾನ್ಸಿನ ಸೈನ್ಯವನ್ನು ಸೋಲಿಸಿ, ತಮ್ಮದೇ ದೇಶ ಕಟ್ಟಿದರು. ಅದನ್ನು ಕೇಳಿದ ದಿನ ನಾನು ಸೂಜಿ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಅಲ್ಲಿ ಸೋಲುತ್ತಾ ಬಂದಾಗ ಫ್ರಾನ್ಸಿನ ದೊರೆಗೆ ಆಚೆ ದಡದ ಲೂಸಿಯಾನಾ ಎಂಬ ದೊಡ್ಡ ನೆಲವನ್ನು ಇಟ್ಟುಕೊಂಡು ಉಪಯೋಗ ಕಾಣಲಿಲ್ಲವಂತೆ, ಅಮೆರಿಕದವರಿಗೆ ಮಾರಿಬಿಟ್ಟ. ಬ್ರೆಜಿಲಿನದು ಮನೆಮಂದಿಯ ಜಗಳ. ಅಪ್ಪ ಪೋರ್ಚುಗಲ್ಲಿಗೆ ವಾಪಸು ಹೋಗಿ ರಾಜನಾಗಿ ಕೂತ, ಇಲ್ಲಿ ಬಿಟ್ಟುಹೋದ ಮಗ ‘ಇನ್ನು ನಾನು ಸ್ವತಂತ್ರ’ ಎಂದುಬಿಟ್ಟ. ನಿನ್ನನ್ನು ನೆನೆದು ಎಷ್ಟು ನಕ್ಕೆವೋ. ನನಗೆ ತುಂಬ ಹಿಡಿಸಿದ್ದು ಇಬ್ಬರು ಸೇನಾಪತಿಗಳ ಕತೆ. ಒಬ್ಬ ಬೊಲಿವಾರ್, ಉತ್ತರದಿಂದ ನಾಡುಗಳನ್ನು ಬಿಡಿಸುತ್ತಾ ಬಂದವನು. ಇನ್ನೊಬ್ಬ ಸ್ಯಾನ್ ಮಾರ್ಟಿನ್, ದಕ್ಷಿಣದಿಂದ ಬಂದವನು. ಗ್ವಾಯಾಕಿಲ್ ಎಂಬ ಬಂದರಿನಲ್ಲಿ ಇಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿದರಂತೆ. ಆಚೆ ಬಂದ ಮೇಲೆ ದಕ್ಷಿಣದವನು ಅಧಿಕಾರವೆಲ್ಲ ಬಿಟ್ಟು ಸುಮ್ಮನೆ ಹೊರಟುಹೋದ. ಪಾಪ, ಸೋತ, ಎಂದಳು ಸೊಸೆ. ಸೋಲಲ್ಲ ಕಣೇ, ಒಂದೇ ಅಂಗಡಿಯಲ್ಲಿ ಇಬ್ಬರು ಕತ್ತರಿ ಹಿಡಿದರೆ ಬಟ್ಟೆ ಉಳಿಯೋಲ್ಲ ಅಂತ ಅವನಿಗೆ ಗೊತ್ತಾಯ್ತು, ಎಂದೆ ನಾನು. ಅದರ ಮೇಲೆ ಒಂದು ವಾರ ವಾದ ಮಾಡಿದ್ದೇವೆ.

ಇನ್ನು ನಕ್ಷೆಯ ವಿಚಾರ. ಉಳಿದವರೆಲ್ಲ ರಟ್ಟಿನ ಮೇಲೆ ಬಣ್ಣ ಬಳಿದು ತರುತ್ತಾರೆ, ನಾವು ಬಟ್ಟೆಯಲ್ಲೇ ಮಾಡೋಣ ಎಂದಳು. ನಿನ್ನಪ್ಪ ಕಟಿಂಗ್ ಟೇಬಲ್ಲಿನ ಮೇಲೆ ಹಾಸುತ್ತಿದ್ದ ಆ ಕೋರಾ ಬಟ್ಟೆ ಇದೆಯಲ್ಲ, ಅವರು ಹೋದಮೇಲೆ ನಾನು ಒಗೆಯದೆ ಮಡಿಸಿಟ್ಟಿದ್ದು, ಅದನ್ನೇ ಕೇಳಿದಳು. ಮೊದಲು ಕೊಡುವುದಿಲ್ಲ ಎಂದೆ. ಆಮೇಲೆ ಅವರೇ ಇದ್ದಿದ್ದರೆ ಕೊಡುತ್ತಿದ್ದರು ಅನ್ನಿಸಿತು, ಕೊಟ್ಟೆ. ಅದರ ಮೇಲೆ ಒಂದೊಂದು ದೇಶಕ್ಕೆ ಒಂದೊಂದು ತುಂಡು. ಬ್ರೆಜಿಲ್ ಶಾಲೆಯ ಹಸಿರು ಯೂನಿಫಾರಂ, ಮೆಕ್ಸಿಕೊ ಪರದೆಯ ಕೆಂಪು ಮಖಮಲ್ಲು, ಮೊದಮೊದಲಿನ ಪುಟ್ಟ ಅಮೆರಿಕ ಗೆರೆಗೆರೆ ಅಂಗಿ ಬಟ್ಟೆ. ಲೂಸಿಯಾನಾಕ್ಕೆ ಅಷ್ಟಗಲ ಬಟ್ಟೆ ಎಲ್ಲೂ ಸಿಗದೆ ನಿನ್ನ ಕಂದು ಪ್ಯಾಂಟು ಕತ್ತರಿಸಿದೆವು. ಹುಡುಕಬೇಡ.

ಅವಳು ಮಾರ್ಕಿಂಗ್ ಚಾಕಿನಲ್ಲಿ ಗೆರೆ ಎಳೆದಳು, ಕತ್ತರಿಸುವ ಕೆಲಸ ನನಗೆ ಬಂತು. “ಅತ್ತೆ, ಗೆರೆ ಮೇಲೇ ಕತ್ತರಿಸಿ, ಇದನ್ನ ಹೊಲಿಯೋದಲ್ಲ, ಅಂಟಿಸೋದು” ಅಂತ ಹೇಳಿದ್ದಳು. ನನಗೆ ಕೇಳಿಸಿದ್ದು ನಿಜ, ತಲೆಗೆ ಹೋಗಿದ್ದು ಸುಳ್ಳು. ಜೀವಮಾನವೆಲ್ಲ ಗೆರೆಯ ಆಚೆ ಒಂದು ಬೆರಳು ಮಾರ್ಜಿನ್ ಬಿಟ್ಟು ಕತ್ತರಿಸಿದ ಕೈ ಇದು. ಮುಂದೆ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಬೇಕಲ್ಲ! ಎಲ್ಲ ದೇಶಗಳಿಗೂ ಸುತ್ತಲೂ ಒಂದೊಂದು ಬೆರಳು ಉದಾರವಾಗಿ ಬಿಟ್ಟೆ. ಪರೀಕ್ಷೆಯ ಹಿಂದಿನ ಸಂಜೆ ತುಂಡುಗಳನ್ನೆಲ್ಲ ಜೋಡಿಸಲು ಹೋದರೆ ಒಂದೂ ಪಕ್ಕಪಕ್ಕ ಕೂರುವುದಿಲ್ಲ. ಪೆರು ಹೋಗಿ ಬೊಲಿವಿಯಾದ ಮೇಲೆ, ಬೊಲಿವಿಯಾ ಹೋಗಿ ಚಿಲಿಯ ಮೇಲೆ, ನಿನ್ನ ಪ್ಯಾಂಟು ಮೆಕ್ಸಿಕೊದ ಮೇಲೆ. ಒಂದು ಗೆರೆಯೂ ಕಾಣದು. ಅವಳ ಮುಖ ನೋಡಬೇಕಿತ್ತು ನೀನು. ನೆಲದ ಮೇಲೆ ಕೂತು ಅಳುವುದಕ್ಕೇ ಶುರುಮಾಡಿದಳು. ನಾನೂ ಸುಮ್ಮನಿರಲಿಲ್ಲ, ಗೆರೆ ಮೇಲೆ ಕತ್ತರಿಸೋದು ಯಾವ ದರ್ಜಿ ಕಲಿಸಿದ ಕೆಲಸ ಎಂದು ಅವಳ ಮೇಲೇ ರೇಗಿದೆ. ಮತ್ತೆ ಕತ್ತರಿಸೋಣವೆಂದು ಕತ್ತರಿ ತೆಗೆದರೆ, ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡಳು. “ಬೇಡ ಅತ್ತೆ, ಹೀಗೇ ಇರಲಿ. ಇದೇ ಸರಿ” ಎಂದಳು. ಆ ಕಾಲದಲ್ಲಿ ಎಲ್ಲರ ನಕ್ಷೆಯೂ ಹೀಗೇ ಇತ್ತಂತೆ. ಬಿಡುಗಡೆಯಾದ ಪ್ರತಿ ದೇಶವೂ ತನ್ನ ನಕ್ಷೆ ಬರೆಯುವಾಗ ಪಕ್ಕದವನದ್ದು ಒಂದು ಬೆರಳು ಸೇರಿಸಿಕೊಂಡೇ ಬರೆಯುತ್ತಿತ್ತಂತೆ. ಅಂಟಿಸುವುದು ಬಿಟ್ಟು, ಎಳೆದರೆ ಬಿಚ್ಚಿಬರುವ ಕಚ್ಚಾ ಹೊಲಿಗೆ ಹಾಕಿದಳು. ಕಣ್ಣೊರೆಸಿಕೊಂಡು ಕೂತವಳು ಊಟದ ಹೊತ್ತಿಗೆ ಎಲ್ಲ ಮುಗಿಸಿ ಎದ್ದಳು.

ಮಾರನೇ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಸುತ್ತಿದ ನಕ್ಷೆಯ ಇನ್ನೊಂದು ತುದಿ ಹಿಡಿಯಲು ಆಳು ಬೇಕಲ್ಲ. ಉದ್ದನೆ ಕೋಣೆ, ಎತ್ತರದ ಕಿಟಕಿಗಳು, ಒಂದು ಫ್ಯಾನು ಮಾತ್ರ ತಿರುಗುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂರಬಹುದು, ಮಾತಾಡಬಾರದು ಎಂದರು. ಮಾತಾಡಬಾರದು ಎಂದಿದ್ದೇ ದೊಡ್ಡ ಶಿಕ್ಷೆ. ಮುಂದೆ ಅವಳ ಇತಿಹಾಸದ ಮೇಷ್ಟ್ರು, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ, ನನ್ನದೇ ವಯಸ್ಸು, ನಗುವ ಅಭ್ಯಾಸ ಇಲ್ಲದ ಮುಖ. ನಕ್ಷೆ ಗೋಡೆಗೆ ತೂಗುಹಾಕಿದ್ದೇ ಆ ಹೆಂಗಸು ಹತ್ತಿರ ಬಂದು ಅಂಚುಗಳನ್ನು ಮುಟ್ಟಿ ನೋಡಿ, “ಇದೇನಮ್ಮ, ಎಲ್ಲ ಒಂದರ ಮೇಲೊಂದು ಬಿದ್ದಿದೆ? ಗಡಿ ಎಲ್ಲಿದೆ?” ಎಂದರು. ನನ್ನ ಸೊಸೆ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಹೋದ ವರ್ಷದ ಹಾಗೇ. ಎದ್ದು ನಿಂತು, ತಪ್ಪು ನನ್ನದು ತಾಯಿ, ಕತ್ತರಿಸಿದ್ದು ನಾನು ಎಂದು ಕೂಗಿಬಿಡಬೇಕು ಅನ್ನಿಸಿತು. ಬೆಂಚು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಅಷ್ಟರಲ್ಲಿ ಅವಳ ಕೈ ತಾನಾಗಿ ನಕ್ಷೆಗೆ ಹೋಯಿತು. ಬಾಯಿಗಿಂತ ಮೊದಲು ಕೈ ಮಾತಾಡಿತು ನೋಡು. ಲೂಸಿಯಾನಾದ ಅಂಚಿನ ದಾರವನ್ನು ಉಗುರಿನಿಂದ ಎಳೆದು ಬಿಚ್ಚಿ, ಬಟ್ಟೆಯನ್ನು ಮೇಲೆತ್ತಿ ಹಿಡಿದಳು. “ಗಡಿ ಇನ್ನೂ ಹೊಲಿದಿಲ್ಲ ಮೇಡಂ. ಆಗ ಯಾರದ್ದೂ ಹೊಲಿದಿರಲಿಲ್ಲ” ಎಂದಳು. ಅಲ್ಲಿಂದ ಶುರುವಾಯಿತು. ಮೆಕ್ಸಿಕೊದಲ್ಲಿ ಪಾದ್ರಿಯೊಬ್ಬ ಚರ್ಚಿನ ಗಂಟೆ ಬಾರಿಸಿ ಜನರನ್ನು ಎಬ್ಬಿಸಿದ್ದು, ಸ್ಪೇನಿನಿಂದ ಬಿಡುಗಡೆಯಾಗಿ ಮೂವತ್ತು ವರ್ಷವೂ ತುಂಬುವ ಮೊದಲೇ ಆ ದೇಶ ಯುದ್ಧದಲ್ಲಿ ಸೋತು ತನ್ನ ನೆಲದ ಅರ್ಧದಷ್ಟನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿದ್ದು, ಒಂದೊಂದಾಗಿ ಅಂಚು ಎತ್ತಿ ತೋರಿಸಿದಳು. ಆ ಸೇನಾಪತಿಗಳಿಬ್ಬರೂ ಒಳಗೆ ಏನು ಮಾತಾಡಿಕೊಂಡರು ಎಂದು ಮೇಷ್ಟ್ರು ಕೇಳಿದರು. “ಗೊತ್ತಿಲ್ಲ ಸರ್. ಅವರಿಬ್ಬರನ್ನ ಬಿಟ್ಟು ಅಲ್ಲಿ ಇನ್ಯಾರೂ ಇರಲಿಲ್ಲ. ನಮ್ಮತ್ತೆ ಮಾತ್ರ ತಮಗೆ ಗೊತ್ತು ಅಂತಾರೆ” ಎಂದಳು! ಮೇಷ್ಟ್ರು ಜೋರಾಗಿ ನಕ್ಕರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ, ಒಳಗೆ ಖುಷಿಯೂ ಆಯಿತು.

ಆಗ ಪರೀಕ್ಷಕಿ ತಳದ ಕೋರಾ ಬಟ್ಟೆ ತೋರಿಸಿ, “ಇದನ್ನ ಒಗೆದು ಹಾಕಬಾರದಿತ್ತಾ? ತುಂಬ ಚಾಕಿನ ಗೆರೆ ಉಳಿದಿದೆ” ಎಂದರು. ನಿನ್ನಪ್ಪನ ಗೆರೆಗಳು ಅವು, ಎಷ್ಟೋ ವರ್ಷದ ಕೋಟು, ಪ್ಯಾಂಟು, ತೋಳು, ಕಾಲರು. ನನ್ನ ಸೊಸೆ ನಿಧಾನವಾಗಿ ಹೇಳಿದಳು, “ಬೇಕಂತಲೇ ಒಗೆದಿಲ್ಲ ಮೇಡಂ. ಮೇಲೆ ಬಟ್ಟೆ ಹಾಕಿದವರೆಲ್ಲ ಇದು ಖಾಲಿ ಜಾಗ ಅಂದ್ರು. ಖಾಲಿ ಇರಲಿಲ್ಲ. ಮೊದಲಿಂದ ಅಲ್ಲಿದ್ದ ಜನರ ಗೆರೆಗಳಿದ್ದವು. ಆ ಜನರನ್ನ ಅವರ ನೆಲದಿಂದಲೇ ಓಡಿಸಿದ್ರು. ಸ್ವಾತಂತ್ರ್ಯ ಬಂತು ಅಂತ ಬರೆಯುವಾಗ ಯಾರಿಗೆ ಬಂತು ಅಂತಾನೂ ಬರೀಬೇಕು.” ಪರೀಕ್ಷಕಿ ಕನ್ನಡಕ ತೆಗೆದು, ಬಗ್ಗಿ, ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು. ಮಗನೇ, ನಿನ್ನಪ್ಪ ಬದುಕಿದ್ದು ಆ ಕೋಣೆಯಲ್ಲಿದ್ದಿದ್ದರೆ! ನಾನು ಅಳುತ್ತಿದ್ದೆ, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪಾಸಾಗಿದ್ದಾಳೆ. ಸುಮ್ಮನೆ ಪಾಸಲ್ಲ, ಈ ವರ್ಷದ ಮೌಖಿಕದಲ್ಲಿ ಎಲ್ಲರಿಗಿಂತ ಮೇಲೆ. ಬರುವಾಗ ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆ ನಾನೇ ಹೇಳಿದೆ, ಇಸ್ತ್ರಿಯವನಿಗೆ, ಔಷಧಿ ಅಂಗಡಿಯವಳಿಗೆ, ದಾರದ ಉಂಡೆ ಮಾರುವವನಿಗೆ. “ಅತ್ತೆ, ಸಾಕು” ಎಂದು ತೋಳು ಎಳೆಯುತ್ತಿದ್ದಳು, ನಾನು ಕೇಳಲಿಲ್ಲ. ನಕ್ಷೆಯನ್ನು ಕಾಲೇಜಿನವರೇ ಇಟ್ಟುಕೊಂಡಿದ್ದಾರೆ, ಗೋಡೆಯ ಮೇಲೆ ಖಾಯಂ ತೂಗುಹಾಕುತ್ತಾರಂತೆ. ನಿನ್ನ ಪ್ಯಾಂಟಿಗೆ ಬಂದ ಭಾಗ್ಯ ನಿನಗೆ ಬಂದಿಲ್ಲ. ಅವಳಿಗೆ ನೀನೊಂದು ನಾಲ್ಕು ಒಳ್ಳೆಯ ಮಾತು ಬರೆ, ಫೋನಿನಲ್ಲಿ ‘ಹೂಂ, ಸರಿ’ ಎಂದು ಮುಗಿಸಬೇಡ. ಸಮುದ್ರ ಜೋರಾಗಿರುವ ಕಾಲ, ಡೆಕ್ಕಿನ ಮೇಲೆ ಹುಷಾರಾಗಿ ಓಡಾಡು. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ನೂರು ಕಾಲ ಸುಖವಾಗಿರು.

ನಿನ್ನ ಅಮ್ಮ

ತಾ.ಕ.: ಅಂಚೆಯವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಆ ಪರೀಕ್ಷಕಿ ಅವಳನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕರೆದಿದ್ದಾರೆ, ಎರಡು ವರ್ಷದ ಎಂ.ಎ., ಇದೇ ವಿಷಯ, ಹಾಸ್ಟೆಲ್ಲಿನಲ್ಲಿರಬೇಕು. ನೀನು ರಜೆಗೆ ಬರುತ್ತೀಯ, ಅಂಗಡಿ ನೋಡುವವರಿಲ್ಲ ಎಂದು ಅವಳು ಬೇಡವೆನ್ನಲು ಹೊರಟಿದ್ದಳು. ನಾನು ಪೆಟ್ಟಿಗೆ ಕಟ್ಟಿಸಿದ್ದೇನೆ, ನಾಳೆ ಹೊರಡುತ್ತಾಳೆ. ಬೇಡ ಎಂದು ಬರೆಯಬೇಡ, ಬರೆದರೂ ಈ ಮನೆಗೆ ಬಂದ ಕಾಗದ ಮೊದಲು ಒಡೆಯುವವಳು ನಾನೇ. ಹಡಗಿನಿಂದ ಇಳಿದವನು ನೇರ ಇಲ್ಲಿಗೆ ಬರಬೇಡ. ಮೊದಲು ಅವಳ ಹಾಸ್ಟೆಲ್ಲಿಗೆ ಹೋಗು, ಗೇಟಿನ ಹತ್ತಿರ ನಿಂತು ಆ ಫೋಟೊ ತೋರಿಸಿ, ಈ ಕುದುರೆಯವನು ಯಾರು ಎಂದು ಅವಳನ್ನೇ ಕೇಳು. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೋ, ನಡುವೆ ಬಾಯಿ ಹಾಕಬೇಡ. ಆಮೇಲೆ ಅಂಗಡಿಗೆ ಬಾ. ಹಸಿರು ಯೂನಿಫಾರಂ ರಾಶಿ ಬಿದ್ದಿದೆ, ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದಂತೆ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹಾಕುವ ಕೆಲಸ ನಿನಗೇ ಇಟ್ಟಿದ್ದೇನೆ. ಸೂಜಿ ಹಿಡಿಯುವ ಕೈಗೆ ಹಡಗು ಯಾಕೆ ಎಂದು ನಾನೆಂದೂ ನಿನ್ನನ್ನು ಕೇಳಿರಲಿಲ್ಲ.